ಗ್ಯಾರೇಜ್ ಬಾಗಿಲು ತೂಗಿದ ಶನಿವಾರ

ಕಳೆದ ನವೆಂಬರ್‌ನ ಒಂದು ಬೆಳಿಗ್ಗೆ ಗ್ಯಾರೇಜ್ ಕಡೆಯಿಂದ ಢಮ್ ಅಂತ ಸದ್ದು ಬಂತು. ಅಪ್ಪ ಹಾಲ್‌ನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು. "ಯಾರೋ ಗುಂಡು ಹಾರಿಸಿದ್ರೇನೋ?" ಅಂದರು. ಅಮೆರಿಕ ಅಂದ್ಮೇಲೆ ಅವರಿಗೆ ಮೊದಲು ಬರುವ ಯೋಚನೆ ಅದೇ. ಹೋಗಿ ನೋಡಿದರೆ ಎಲ್ಲಾ ಇದ್ದ ಹಾಗೇ ಇತ್ತು, ಎರಡು ಕಾರು, ಹುಲ್ಲು ಕತ್ತರಿಸುವ ಮಿಷನ್ನು, ಮಗಳ ಸೈಕಲ್ಲು. ಆಫೀಸಿಗೆ ಹೊರಡುವಾಗ ಗುಂಡಿ ಒತ್ತಿದೆ. ಬಾಗಿಲು ಆರು ಇಂಚು ಮೇಲೆದ್ದು, ಮೋಟಾರು ಮುಲುಕಿ, ಅಲ್ಲಿಗೇ ನಿಂತುಬಿಟ್ಟಿತು. ತಲೆ ಎತ್ತಿ ನೋಡಿದಾಗ ಗೊತ್ತಾಯಿತು, ಬಾಗಿಲ ಮೇಲಿನ ಉದ್ದ ಕಬ್ಬಿಣದ ಸರಳಿನ ಮೇಲಿದ್ದ ಎರಡು ಸ್ಪ್ರಿಂಗ್‌ಗಳಲ್ಲಿ ಬಲಗಡೆಯದು ತುಂಡಾಗಿ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟಿತ್ತು.

ನಾವಿರುವುದು ಓಹಾಯೋದ ಕೊಲಂಬಸ್ ಪಕ್ಕದ ಊರಿನಲ್ಲಿ. ಇಲ್ಲಿ ಮನೆ ಅಂದರೆ ಮುಂಬಾಗಿಲಿಗಿಂತ ಗ್ಯಾರೇಜ್ ಬಾಗಿಲೇ ಜಾಸ್ತಿ ಬಳಕೆ. ನಮ್ಮದು ಎರಡು ಕಾರಿನ ಬಾಗಿಲು, 16 ಅಡಿ ಅಗಲ, 7 ಅಡಿ ಎತ್ತರ. ಮೇಲಿರುವ ಮೋಟಾರೇ ಅದನ್ನು ಎತ್ತುತ್ತೆ ಅಂತ ನಾನು ಆರು ವರ್ಷದಿಂದ ನಂಬಿಕೊಂಡಿದ್ದೆ. ಹಾಗಲ್ಲ. ಎತ್ತುವುದು ಸ್ಪ್ರಿಂಗು, ಮೋಟಾರು ಬರೀ ದಾರಿ ತೋರಿಸುತ್ತೆ. ಅಪ್ಪನಿಗೆ ಇದನ್ನು ಹೇಳಿದರೆ ನನಗಿಂತ ಬೇಗ ಅರ್ಥವಾಯಿತು. "ನಮ್ಮ ಅಂಗಡಿ ಷಟರ್ ಇದ್ದಂಗೆ ಅನ್ನು. ಸ್ಪ್ರಿಂಗ್ ಹೋದ್ರೆ ಇಬ್ಬರು ಸೇರಿ ಎತ್ತಬೇಕು."

ಅಪ್ಪ ತಿಪಟೂರಿನವರು. ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ತೂಕ ಬರೆದವರು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತೆ.

ಅವತ್ತೇ ಸಂಜೆ ರಿಪೇರಿಯವನೊಬ್ಬನನ್ನು ಕರೆಸಿದೆ. ಮುರಿದ ಸ್ಪ್ರಿಂಗ್ ನೋಡಿದ, ತಂತಿಯ ದಪ್ಪ ಅಳೆದ, "ಇದೇ ಅಳತೆಯದು ಎರಡು ಹಾಕ್ತೀನಿ" ಅಂದು ದೊಡ್ಡದೊಂದು ಮೊತ್ತ ಹೇಳಿದ. ಈ ಬಾಗಿಲಿಗೆ ಅದೇ ಸರಿಯಾದದ್ದು ಅಂತ ಹೇಗೆ ಗೊತ್ತು ಅಂತ ಕೇಳಿದ್ದಕ್ಕೆ "ಹಳೆಯದು ಅದೇ ಇತ್ತಲ್ಲ" ಅಂದ. ಆ ಉತ್ತರ ನನಗೆ ಯಾಕೋ ಸರಿ ಬರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಕಳಿಸಿದೆ.

ಸರಿ ಬರದೇ ಇರೋದಕ್ಕೆ ಕಾರಣ ಇತ್ತು. ಹಿಂದೊಮ್ಮೆ ಕರೆಂಟ್ ಹೋಗಿದ್ದಾಗ ಮೋಟಾರಿನಿಂದ ನೇತಾಡುವ ಕೆಂಪು ಹಗ್ಗ ಎಳೆದು, ಬಾಗಿಲನ್ನು ಮೋಟಾರಿನಿಂದ ಬಿಡಿಸಿ, ಕೈಯಲ್ಲೇ ಎತ್ತಿದ್ದೆ. ಅರ್ಧ ಎತ್ತಿ ಬಿಟ್ಟರೆ ಅಲ್ಲೇ ನಿಲ್ಲಬೇಕಿದ್ದ ಬಾಗಿಲು ದಡಾರನೆ ಕೆಳಗೆ ಬಂದಿತ್ತು. ಬಾಗಿಲು ಅಂದ್ರೆ ಹಂಗೇ ಇರಬೇಕು ಅಂತ ಸುಮ್ನಾಗಿದ್ದೆ. ಪಕ್ಕದ ಮನೆಯ ಅಜ್ಜ ಬಂದು ನೋಡಿದ ಮೇಲೆ ಗುಟ್ಟು ಗೊತ್ತಾಯಿತು. ಅವರು ಲಿಫ್ಟ್ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಬಾಗಿಲ ಒಳಮೈ ತಟ್ಟಿ ನೋಡಿ, ನಿನಗಿಂತ ಮುಂಚೆ ಇದ್ದವನು ಚಳಿಗೆ ಅಂತ ಥರ್ಮಕೋಲ್ ಹಲಗೆ ಕೂರಿಸಿ ಅದರ ಮೇಲೆ ತೆಳು ಪ್ಲೈವುಡ್ ಹೊಡೆದಿದ್ದಾನೆ, ಸ್ಪ್ರಿಂಗ್ ಮಾತ್ರ ಹಳೆಯದೇ ಬಿಟ್ಟಿದ್ದಾನೆ ಅಂದರು. ಬಾಗಿಲು ದಪ್ಪಗಾಗಿದೆ, ಹೊರುವ ಸ್ಪ್ರಿಂಗು ಮಾತ್ರ ಅದೇ. ಹೊಸದು ತರಿಸುವ ಮುಂಚೆ ಬಾಗಿಲನ್ನು ತೂಗು ಅಂದರು.

ಬಾಗಿಲು ತೂಗೋದಾ? ಅಪ್ಪನ ಮುಖ ಅರಳಿತು.

ಅಜ್ಜ ಶನಿವಾರ ಮಧ್ಯಾಹ್ನ ಬರ್ತೀನಿ ಅಂದಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿ? ಬೆಳಿಗ್ಗೆಯೇ ಬಾತ್‌ರೂಮಿನಿಂದ ತೂಕದ ಮಿಷನ್ ತಂದೆ, ಅದು 400 ಪೌಂಡ್ ತನಕ ತೋರಿಸುತ್ತೆ. ಮೋಟಾರಿನ ಪ್ಲಗ್ ಕಿತ್ತು, ಕೆಂಪು ಹಗ್ಗ ಎಳೆದು, ಹೆಂಡತಿ ಒಂದು ಕಡೆ ನಾನೊಂದು ಕಡೆ ಬಾಗಿಲೆತ್ತಿ, ಅಪ್ಪ ಕಾಲಲ್ಲಿ ಮಿಷನ್ ತಳ್ಳಿ, ಅದರ ಮೇಲೆ ಮರದ ತುಂಡಿಟ್ಟು ಇಳಿಸಿದೆವು. 104 ಪೌಂಡ್ ಬಂತು. ಅಂದರೆ 47 ಕೆಜಿ. ಇಷ್ಟೇನಾ ಅಂತ ಖುಷಿಯಾಗಿ, ಸ್ಪ್ರಿಂಗ್ ಮಾರುವವರ ಪಟ್ಟಿ ತೆಗೆದು ನೋಡಲು ಕೂತೆ. ನೂರು ಪೌಂಡಿನ ಬಾಗಿಲಿಗೆ ಬೇಕಾದ ಸ್ಪ್ರಿಂಗು ನಮ್ಮದಕ್ಕಿಂತ ಸಣ್ಣದು. ಭಾರವಾಗಿದೆ ಅಂದ ಬಾಗಿಲಿಗೆ ಸಣ್ಣ ಸ್ಪ್ರಿಂಗಾ? ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಯಿತು, ಎಲ್ಲಿ ಅಂತ ಗೊತ್ತಾಗಲಿಲ್ಲ.

ಅಪ್ಪ ಗ್ಯಾರೇಜಿನಲ್ಲೇ ನಿಂತು ಮೇಲೆ ನೋಡುತ್ತಿದ್ದರು. "ಎಡಗಡೆಯದು ಮುರಿದಿಲ್ಲ ಅಲ್ವೇನೋ?"

"ಇಲ್ಲ ಅಪ್ಪ, ಅದು ಚೆನ್ನಾಗಿದೆ."

"ಹಂಗಿದ್ರೆ ಅದು ಇನ್ನೂ ಹೊತ್ಕೊಂಡೇ ಇದೆ ಕಣೋ. ಮೂಟೆ ತೂಗುವಾಗ ಕೆಳಗಿಂದ ಕೈ ಕೊಟ್ಟಂಗೆ. ಮಂಡಿಯಲ್ಲಿ ಇಂಥವರನ್ನ ಎಷ್ಟು ಜನ ನೋಡಿಲ್ಲ ನಾನು! ಮಾತಾಡ್ತಾ ಮಾತಾಡ್ತಾ ಮೊಣಕಾಲು ಕೊಡೋರು, ಎರಡು ಕೆಜಿ ಮಾಯ."

ನಾಚಿಕೆಯಾಯಿತು. ಇಂಜಿನಿಯರ್ ಅಂತ ಸಂಬಳ ತಗೋತೀನಿ ನಾನು. ಒಂದು ಸ್ಪ್ರಿಂಗ್ ಮುರಿದರೂ ಇನ್ನೊಂದು ಅದೇ ಸರಳನ್ನು ತಿರುಚಿ ಹಿಡಿದಿರುತ್ತೆ, ಸರಳಿನ ಎರಡೂ ತುದಿಯ ಗಾಲಿಗಳಿಂದ ಇಳಿದ ಕೇಬಲ್‌ಗಳು ಬಾಗಿಲ ಬುಡವನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತವೆ. ನಾವು ತೂಗಿದ್ದು ಬಾಗಿಲನ್ನಲ್ಲ, ಸ್ಪ್ರಿಂಗ್ ಹೊತ್ತು ಮಿಕ್ಕಿದ್ದನ್ನು. ಪೂರ್ತಿ ತೂಕ ಬೇಕಾದರೆ ಉಳಿದ ಸ್ಪ್ರಿಂಗನ್ನೂ ಪೂರ್ತಿ ಬಿಚ್ಚಬೇಕು.

ಅಪಾಯ ಇರುವುದು ಈ ಬಿಚ್ಚುವುದರಲ್ಲೇ. ಮಧ್ಯಾಹ್ನ ಅಜ್ಜ ಬಂದರು, ಕೈಯಲ್ಲಿ ಎರಡು ಉಕ್ಕಿನ ಸರಳು, 18 ಇಂಚು ಉದ್ದ, ಅರ್ಧ ಇಂಚು ದಪ್ಪ. ಸ್ಪ್ರಿಂಗಿನ ತುದಿಯಲ್ಲಿರುವ ಬಿರಡೆಯಂಥ ಭಾಗದಲ್ಲಿ ಈ ಸರಳಿಗೆ ತಕ್ಕ ತೂತುಗಳಿರುತ್ತವೆ. ನಾನು ಸ್ಕ್ರೂ ಡ್ರೈವರ್ ತಂದುಕೊಡಲಾ ಅಂತ ಕೇಳಿದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ತೂತಿಗೆ ಸರಿಯಾಗಿ ಕೂರದ ಯಾವುದನ್ನು ತುರುಕಿದರೂ ಅದು ಜಾರುತ್ತೆ, ಜಾರಿದರೆ ಮುಖಕ್ಕೋ ಕೈಗೋ ಬೀಸಿ ಬಡಿಯುತ್ತೆ, ಮೂಳೆ ಉಳಿಯಲ್ಲ. ಮೊದಲು ಬಾಗಿಲು ಪೂರ್ತಿ ಮುಚ್ಚಿಸಿದರು. ಬಾಗಿಲಿನ ಉರುಳೆಗಳು ಓಡುವ ಎರಡೂ ಪಕ್ಕದ ಹಳಿಗೆ, ಉರುಳೆಯ ಸ್ವಲ್ಪ ಮೇಲೆ, ವೈಸ್ ಗ್ರಿಪ್ ಇಕ್ಕಳ ಕಚ್ಚಿಸಿದರು, ಬಾಗಿಲು ತಾನಾಗಿ ಎದ್ದು ಬರದಿರಲಿ ಅಂತ. ಏಣಿಯನ್ನು ಸ್ಪ್ರಿಂಗಿನ ಎದುರಿಗಲ್ಲ, ಪಕ್ಕಕ್ಕೆ ಹಾಕಿದರು, ತಲೆ ಸರಳಿನ ದಾರಿಯಲ್ಲಿ ಬರದ ಹಾಗೆ. ಕನ್ನಡಕ ಹಾಕಿಕೊಂಡರು. ನಮ್ಮನ್ನೆಲ್ಲಾ ಅಡುಗೆಮನೆ ಬಾಗಿಲ ಹತ್ತಿರಕ್ಕೆ ಓಡಿಸಿದರು.

ಒಂದು ಸರಳನ್ನು ಪೂರ್ತಿ ಆಳಕ್ಕೆ ತೂರಿಸಿ ಭಾರ ಹಿಡಿದುಕೊಂಡರು. ಆಮೇಲೆ ಆ ಬಿರಡೆಯನ್ನು ಬಾಗಿಲ ಮೇಲಿನ ಉದ್ದ ಸರಳಿಗೆ ಕಚ್ಚಿ ಹಿಡಿದಿದ್ದ ತಿರುಪು ಸಡಿಲಿಸಿದರು. ಆ ಕ್ಷಣ ಅವರ ಮುಂಗೈ ನರ ಉಬ್ಬಿದ್ದು ನಾವಿದ್ದಲ್ಲಿಗೇ ಕಾಣುತ್ತಿತ್ತು. ಕಾಲು ಸುತ್ತು ಬಿಡೋದು, ಎರಡನೇ ಸರಳು ಮುಂದಿನ ತೂತಿಗೆ, ಮೊದಲನೆಯದು ಹೊರಗೆ. ಹೀಗೇ ಮೂವತ್ತು ಸಲ. ಅಪ್ಪ ಕನ್ನಡದಲ್ಲಿ ಎಣಿಸುತ್ತಿದ್ದರು, ಅಜ್ಜ ಇಂಗ್ಲಿಷಿನಲ್ಲಿ, ಇಪ್ಪತ್ತೆರಡರ ಹತ್ತಿರ ಇಬ್ಬರ ಲೆಕ್ಕ ಒಂದು ಹೆಚ್ಚುಕಮ್ಮಿಯಾಯಿತು, ಆದರೆ ಬಿಚ್ಚುವಾಗ ಅದರಿಂದ ಏನೂ ತೊಂದರೆ ಇಲ್ಲ. ಕೊನೆಗೆ ಸ್ಪ್ರಿಂಗ್ ಸಪ್ಪೆಯಾಗಿ ಆ ಉದ್ದ ಸರಳಿನ ಮೇಲೆ ಜೋತುಬಿತ್ತು. ಕೇಬಲ್‌ಗಳು ಸಡಿಲವಾದವು. ನಾನು ಈ ಕೆಲಸಕ್ಕೆ ಕೈ ಹಾಕಲಿಲ್ಲ, ಹಾಕೋದೂ ಇಲ್ಲ. ಇದನ್ನು ನೂರಾರು ಸಲ ಮಾಡಿದವರು ಹತ್ತಿರದಲ್ಲಿ ಇಲ್ಲದಿದ್ದರೆ ದುಡ್ಡು ಕೊಟ್ಟೇ ಬಿಚ್ಚಿಸುತ್ತಿದ್ದೆ.

ಈಗ ತೂಗುವುದು ನಮ್ಮ ಪಾಲಿಗೆ. ಬೆಳಿಗ್ಗೆ ಮಾಡಿದ ಹಾಗೆ ಮಾಡಿದರೆ ಯಾರದೋ ಬೆರಳು ಹೋಗುತ್ತೆ, ಈಗ ಬಾಗಿಲನ್ನು ಹಿಡಿಯುವವರು ಯಾರೂ ಇಲ್ಲ. ಇಕ್ಕಳ ಬಿಚ್ಚಿ, ಅಜ್ಜನ ಚಪ್ಪಟೆ ಹಾರೆಯನ್ನು ಬುಡಕ್ಕೆ ಕೊಟ್ಟು ಮೀಟಿದೆವು. ಸ್ವಲ್ಪ ಎದ್ದ ಕೂಡಲೇ ಎರಡೂ ತುದಿಯಲ್ಲಿ ಮರದ ತುಂಡು. ಮತ್ತೆ ಮೀಟೋದು, ಇನ್ನೊಂದು ತುಂಡು. ಬಾಗಿಲು ನಾಲ್ಕೂವರೆ ಇಂಚು ಎದ್ದಾಗ ಹಳಿಯಲ್ಲಿ ಉರುಳೆಗಳ ಕೆಳಗೆ ಇಕ್ಕಳ ಕಚ್ಚಿಸಿದರು, ಈ ಸಲ ಬೀಳದಿರಲಿ ಅಂತ. ಬಾಗಿಲು ಮಡಚಿಕೊಳ್ಳುವ ಅಡ್ಡ ಹಲಗೆಗಳ, ಅಂದರೆ ಮಡಿಕೆಗಳ, ಸಂದಿಗೆ ಬೆರಳು ಹಾಕಿ ಎತ್ತಬೇಡ ಅಂತ ಅಜ್ಜ ಮೂರು ಸಲ ಹೇಳಿದರು. ಆಸೆ ಆಗೋದು ಅಲ್ಲೇ, ಹಿಡಿ ಇದ್ದಂಗೆ ಕಾಣುತ್ತೆ.

ಗ್ಯಾರೇಜ್ ನೆಲ ಹೊರಗಡೆಗೆ ಇಳಿಜಾರು, ನೀರು ಹೋಗಲಿ ಅಂತ. ಅದಕ್ಕೆ ಒಂದು ಪ್ಲೈವುಡ್ ತುಂಡನ್ನು ಮಟ್ಟ ಮಾಡಿ ಹಾಸಿ, ಅದರ ಮೇಲೆ ಮಿಷನ್ನು, ಬಾಗಿಲ ನಟ್ಟನಡುವೆ. ಮಿಷನ್ ಮೇಲೆ ಎರಡು ತುಂಡು ಮರ. ಅಂಕಿ ಬಾಗಿಲ ಅಡಿ ಮರೆಯಾಗುತ್ತೆ, ಬಗ್ಗಿ ಇಣುಕೋ ಹುಚ್ಚು ಬೇಡ ಅಂತ ಮೊಬೈಲನ್ನು ವಿಡಿಯೋಗೆ ಹಾಕಿ ನೆಲದ ಮೇಲೆ ಒರಗಿಸಿಟ್ಟೆ. ಅಪ್ಪ ಅಷ್ಟರಲ್ಲಿ ಆ ಎರಡು ತುಂಡು ಮರವನ್ನು ಬೇರೆಯಾಗಿ ತೂಗಿ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದರು. 2.6 ಪೌಂಡ್. "ಚೀಲದ ತೂಕ ಮೊದಲೇ ಬರ್ಕೋಬೇಕು, ಆಮೇಲೆ ಯಾರೂ ಒಪ್ಪಲ್ಲ."

ಇಕ್ಕಳ ತೆಗೆದು, ಹಾರೆಯಲ್ಲಿ ಮೀಟಿ, ತುದಿಯ ತುಂಡುಗಳಲ್ಲಿ ಮೇಲಿನದನ್ನು ಕೋಲಿನಿಂದ ತಳ್ಳಿ, ನಿಧಾನವಾಗಿ ಇಳಿಸಿದೆವು. ಉಳಿದ ತುಂಡುಗಳು ಬಾಗಿಲಿಗೆ ತಾಗದೆ ಸ್ವಲ್ಪ ಕೆಳಗೇ ಕಾವಲಿಗೆ ನಿಂತಿದ್ದವು, ಮಿಷನ್ ಒಡೆದರೂ ಬಾಗಿಲು ಅವುಗಳ ಮೇಲೆ ಕೂರಲಿ ಅಂತ. ಮೊದಲ ಸಲ 174.6. ಎರಡನೇ ಸಲ 172.8. ಮೂರನೇ ಸಲ 173.4. ಉರುಳೆಗಳು ಹಳಿಗೆ ಉಜ್ಜುವುದರಿಂದ ಈ ವ್ಯತ್ಯಾಸ, ಪ್ರತಿಸಲ ಬಾಗಿಲನ್ನು ಮೆಲ್ಲಗೆ ಅಲುಗಾಡಿಸಿ ಬಿಡಿ ಅಂದರು ಅಜ್ಜ. ಬಾಗಿಲನ್ನು ಹೆಚ್ಚು ಎತ್ತಿಯೂ ತೂಗಬಾರದು. ಎತ್ತಿದಷ್ಟೂ ಮೇಲಿನ ಮಡಿಕೆ ಚಾವಣಿಯ ಕೆಳಗೆ ಅಡ್ಡಕ್ಕೆ ಮಲಗಿದ ಹಳಿಗೆ ಜಾರುತ್ತೆ, ಅದರ ಭಾರ ಹಳಿ ಹೊರುತ್ತೆ, ಮಿಷನ್‌ಗೆ ಸಿಗಲ್ಲ. ಅಲ್ಲೂ ಒಂದು ಕೈ ಕೆಳಗಿಂದ ಬಂದ ಹಾಗೇ.

ಅಪ್ಪ ಮೂರರ ಸರಾಸರಿ ತೆಗೆದು, ಅಂಗೈ ನೋಡಿ ಮರದ ತೂಕ ಕಳೆದು ಹೇಳಿದರು, 171 ಪೌಂಡ್. ಸುಮಾರು 78 ಕೆಜಿ. ಹಳೆಯ ಸ್ಪ್ರಿಂಗ್‌ನ 20 ಸುತ್ತು ಅಳೆದು ತಂತಿಯ ದಪ್ಪ ಲೆಕ್ಕ ಹಾಕಿ, ಉದ್ದ ಮತ್ತು ಒಳ ಅಗಲ ಸೇರಿಸಿ ಪಟ್ಟಿಯಲ್ಲಿ ನೋಡಿದರೆ ಆ ಜೋಡಿ 140 ಪೌಂಡಿನ ಬಾಗಿಲಿಗೆ ಆಗುವಂಥದ್ದು. ಆರು ವರ್ಷ ಮಿಕ್ಕ 31 ಪೌಂಡನ್ನು ದಿನಾ ಆ ಮೋಟಾರು ಎಳೆದಿದೆ ಪಾಪ. ರಿಪೇರಿಯವನ ಮಾತು ಕೇಳಿದ್ದರೆ ಇನ್ನೂ ಆರು ವರ್ಷ ಎಳೀತಿತ್ತು.

ಮಾಮೂಲಿ ಸ್ಪ್ರಿಂಗು 10,000 ಸಲ ಏರಿಳಿಯಲು ಮಾಡಿದ್ದು. ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ತೆರೆಯುತ್ತೇವೆ, ಅಂದರೆ ಏಳು ವರ್ಷ ಕೂಡ ಬರಲ್ಲ. ಸ್ವಲ್ಪ ಜಾಸ್ತಿ ಕೊಟ್ಟು 20,000 ಸಲದ ಜೋಡಿಯನ್ನೇ 171 ಪೌಂಡಿನ ಬಾಗಿಲಿಗೆ ಆಗುವಂಥದ್ದು ತರಿಸಿದೆ. ಒಂದರ ತುದಿಗೆ ಕೆಂಪು ಬಣ್ಣ, ಇನ್ನೊಂದರದು ಕಪ್ಪು, ಯಾವುದು ಯಾವ ಕಡೆಗೆ ಸುತ್ತಿದ್ದು ಅಂತ ಗೊತ್ತಾಗಲು. ಅದು ಬರುವ ತನಕ ಐದು ದಿನ ಎರಡೂ ಕಾರು ಒಳಗೇ. ಹೆಂಡತಿ ಆಫೀಸಿನ ಗೆಳತಿಯ ಕಾರಿನಲ್ಲಿ ಹೋದಳು. ತೂಕದ ಮಿಷನ್ ಈಗ ಖಾಲಿ ಇದ್ದಾಗಲೂ ಎರಡು ಪೌಂಡ್ ತೋರಿಸುತ್ತೆ ಅನ್ನೋದು ಅವಳ ಇನ್ನೊಂದು ದೂರು.

ಹೊಸದನ್ನು ಅಜ್ಜನೇ ಹಾಕಿದರು, ಒಂದೊಂದಕ್ಕೂ ಏಳೂವರೆ ಸುತ್ತು, ಅಂದರೆ ಕಾಲು ಸುತ್ತಿನ ಹಾಗೆ ಮತ್ತೆ ಮೂವತ್ತು ಸಲ. ಈ ಸಲ ಎಣಿಕೆ ತಪ್ಪಬಾರದು ಅಂತ ಅಪ್ಪ ಸುಣ್ಣದ ಕಡ್ಡಿ ಹಿಡಿದು ನೆಲದ ಮೇಲೆ ಗೀಟು ಹಾಕುತ್ತಾ ಹೋದರು, ಐದೈದರ ಕಟ್ಟು, ಮಂಡಿಯಲ್ಲಿ ಮೂಟೆ ಎಣಿಸುವ ಹಾಗೆ. ಮೋಟಾರು ಜೋಡಿಸುವ ಮುಂಚೆ ಬಾಗಿಲನ್ನು ಕೈಯಲ್ಲಿ ಎತ್ತಿ ನೋಡು ಅಂದರು ಅಜ್ಜ. ಎತ್ತಿದೆ. ಎರಡು ಬೆರಳಿಗೆ ಬಂತು ಅಂದರೆ ಬಡಾಯಿ, ಒಂದು ಕೈಗೆ ಸಲೀಸಾಗಿ ಬಂತು. ಸೊಂಟದ ಮಟ್ಟಕ್ಕೆ ನಿಲ್ಲಿಸಿದೆ.

"ನಿಂತಿದೆ ಅಪ್ಪ!"

"ಕೈ ತೆಗಿ ಮೊದಲು" ಅಂದರು.

ನೋಡಿದರೆ ನನ್ನ ಎಡಗೈ ಇನ್ನೂ ಬಾಗಿಲ ಅಡಿಯಲ್ಲೇ ಇತ್ತು. ತೆಗೆದೆ. ಬಾಗಿಲು ಒಂದು ಗೇಣಿನಷ್ಟು ಇಳಿದು, ಅಲ್ಲಿ ನಿಂತಿತು.