ಹಗ್ಗ ಕಟ್ಟಿದ್ರೆ ನಡೆಯುತ್ತೇನ್ರೋ?

ಅಪ್ಲೈಡ್ ಮೆಕ್ಯಾನಿಕ್ಸ್ ಪಾಠ ಟ್ರಸ್‌ಗೆ (ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿಗೆ) ಬರುವ ಹೊತ್ತಿಗೆ ನಮ್ಮ ಸಿವಿಲ್ ಡಿಪ್ಲೊಮಾ ಬ್ಯಾಚಿನ ಅರ್ಧ ಹುಡುಗರು ಆ ವಿಷಯದ ಆಸೆಯನ್ನೇ ಬಿಟ್ಟಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು. ಬೋರ್ಡಿನ ಮೇಲೆ ಚಿತ್ರ ಬರೆದು, ಸೈನ್ ಕಾಸ್ ಸುದ್ದಿ ಎತ್ತದೆ, ಅದರ ಒಂದೊಂದೇ ಮೆಂಬರಿನ, ಅಂದರೆ ತೊಲೆಯ, ಮೇಲೆ ಕೋಲಿಟ್ಟು ಕೇಳುತ್ತಿದ್ದರು: "ಇದನ್ನ ಬಿಚ್ಚಿ ಈ ಜಾಗಕ್ಕೆ ಹಗ್ಗ ಕಟ್ಟಿದ್ರೆ ನಡೆಯುತ್ತೇನ್ರೋ?" ನಡೆಯುತ್ತದೆ ಅಂದರೆ ಅದು ಎಳೆತ, ಟೆನ್ಶನ್. ಹಗ್ಗ ಮುದುಡಿ ಟ್ರಸ್ಸೇ ಕುಸಿಯುತ್ತದೆ ಅಂದರೆ ಒತ್ತಡ, ಕಂಪ್ರೆಶನ್. ಎಲ್ಲ ಮೆಂಬರುಗಳಿಗೂ ಹೀಗೆ ಬಾಯಲ್ಲಿ ಉತ್ತರ ಹೇಳಿದ ಮೇಲಷ್ಟೇ ಪೆನ್ಸಿಲ್ ಮುಟ್ಟಬೇಕು.

ಮೊದಲ ಲೆಕ್ಕವೇ ನಮ್ಮನ್ನು ಬೀಳಿಸಿತು. ಹೆಂಚಿನ ಮಾಡಿನ ಟ್ರಸ್: ಎರಡು ಇಳಿಜಾರು ತೊಲೆ, ಕೆಳಗೊಂದು ಅಡ್ಡ ತೊಲೆ, ನಡುವೆ ನೆಟ್ಟಗೆ ನಿಂತ ಕಿಂಗ್ ಪೋಸ್ಟ್. ಎರಡು ಗೋಡೆಗಳ ಅಂತರ 8 ಮೀಟರ್, ನೆತ್ತಿಯ ಎತ್ತರ 3 ಮೀಟರ್, ನೆತ್ತಿಯ ಮೇಲೆ 12 ಕಿಲೋನ್ಯೂಟನ್ ಭಾರ. ಹೆಂಚಿನ ಮನೆಯಲ್ಲೇ ಬೆಳೆದವರು ನಾವು. ನಡುವಿನದು ಕಂಬ, ನೆತ್ತಿಯನ್ನು ಹೊತ್ತು ನಿಂತಿದೆ, ಅಲ್ಲಿ ಹಗ್ಗ ನಡೆಯುವುದೇ ಇಲ್ಲ ಎಂದು ಒಕ್ಕೊರಲಿನಿಂದ ಕೂಗಿದೆವು.

ಅವರು ನಗಲಿಲ್ಲ. ಮಾರನೆಯ ದಿನ ಎರಡು ಮರದ ಪಟ್ಟಿಗಳನ್ನು ತುದಿಯಲ್ಲಿ ಮೊಳೆಯಿಂದ ಸೇರಿಸಿ, ಬುಡಗಳಿಗೆ ದಾರ ಕಟ್ಟಿ, ಮೇಜಿನ ಮೇಲೆ ನಿಲ್ಲಿಸಿದರು. ನೆತ್ತಿಯಿಂದ ಲ್ಯಾಬಿನ ತೂಕದ ಕಲ್ಲು ತೂಗುಬಿಟ್ಟರು. ನಡುವೆ ಕಂಬವೇ ಇಲ್ಲ, ಆದರೂ ಅಲುಗಲಿಲ್ಲ. ಆಮೇಲೆ ಕೆಳಗಿನ ದಾರವನ್ನು ಬ್ಲೇಡಿನಿಂದ ಕತ್ತರಿಸಿದರು. ಕಾಲುಗಳು ಜಾರಿ ಎಲ್ಲವೂ ಚಪ್ಪಟೆಯಾಯಿತು. ಮಾಡು ಗೋಡೆಯನ್ನು ಹೊರಕ್ಕೆ ತಳ್ಳದ ಹಾಗೆ ತಡೆಯುವುದು ಆ ಅಡ್ಡ ತೊಲೆ.

ಈಗ ಲೆಕ್ಕ. ಎರಡೂ ಗೋಡೆಗಳ ರಿಯಾಕ್ಷನ್, ಅಂದರೆ ಗೋಡೆ ಮೇಲಕ್ಕೆ ಕೊಡುವ ಆಸರೆ, 6 ಮತ್ತು 6. ಗೋಡೆಯ ಮೇಲಿನ ಜಾಯಿಂಟಿನಲ್ಲಿ ನಿಂತರೆ ಗೊತ್ತಿಲ್ಲದ ಬಲಗಳು ಎರಡೇ. ಇಳಿಜಾರು ತೊಲೆಯ ಉದ್ದ 5 ಮೀಟರ್, 3-4-5ರ ತ್ರಿಕೋನ. ಮೇಲ್ಮುಖ 6ನ್ನು ಆ ತೊಲೆಯೊಂದೇ ಸರಿದೂಗಿಸಬೇಕು, ಹಾಗಾಗಿ ಅದರಲ್ಲಿ 10 ಕಿಲೋನ್ಯೂಟನ್ ಕಂಪ್ರೆಶನ್. ಅದರ ಅಡ್ಡ ಭಾಗ 8. ಅದೇ ಕೆಳಗಿನ ತೊಲೆಯ ಟೆನ್ಶನ್. ಇನ್ನು ಅಡ್ಡ ತೊಲೆಯ ನಡುವಿನ ಜಾಯಿಂಟಿಗೆ ಬನ್ನಿ: ಎಡಕ್ಕೆ 8, ಬಲಕ್ಕೆ 8, ಕೆಳಗೆ ಭಾರವಿಲ್ಲ. ಮೇಲಕ್ಕೆ ಹೋಗುವ ಕಿಂಗ್ ಪೋಸ್ಟಿನಲ್ಲಿ? ಸೊನ್ನೆ. ಅದೇ 12ನ್ನು ನೆತ್ತಿಯಿಂದ ತೆಗೆದು ಕೆಳಗಿನ ನಡು ಜಾಯಿಂಟಿಗೆ ತೂಗುಹಾಕಿದರೆ ಬೇರೆ ಮೂರೂ ಸಂಖ್ಯೆಗಳು ಹಾಗೇ ಉಳಿಯುತ್ತವೆ, ಕಿಂಗ್ ಪೋಸ್ಟಿನಲ್ಲಿ ಮಾತ್ರ 12 ಟೆನ್ಶನ್ ಬರುತ್ತದೆ. ನೆತ್ತಿಯನ್ನು ಅದು ಹೊತ್ತಿಲ್ಲ, ನೆತ್ತಿಗೆ ಜೋತುಬಿದ್ದಿದೆ! ಆ ರಜೆಯಲ್ಲಿ ಊರಿಗೆ ಹೋದ ಅರ್ಧ ಕ್ಲಾಸು ಅಟ್ಟ ಹತ್ತಿ ನೋಡಿರಬೇಕು.

ಒಂದು ಜಾಯಿಂಟಿಗೆ ಸಮೀಕರಣ ಎರಡೇ. ಮೂರನೆಯ ಅಜ್ಞಾತ ಕಂಡರೆ ಭಿಕ್ಷುಕನಿಗೆ ಹೇಳುವ ಹಾಗೆ "ಮುಂದಿನ ಮನೆಗೆ ಹೋಗಪ್ಪ" ಎನ್ನುತ್ತಿದ್ದರು. ಎಲ್ಲ ಬಲವನ್ನೂ ಟೆನ್ಶನ್ ಎಂದೇ ಹಿಡಿದು ಶುರುಮಾಡು, ಮೈನಸ್ ಬಂದರೆ ಕಂಪ್ರೆಶನ್ ಎಂದು ಬರೆ, ಮಧ್ಯದಲ್ಲಿ ಬಾಣ ತಿರುಗಿಸಬೇಡ. ಇದು ಅವರ ಕಟ್ಟಪ್ಪಣೆ.

ಗ್ರಾಫಿಕಲ್ ವಿಧಾನ ನನಗೆ ಎಂದೂ ಹಿಡಿಸಲಿಲ್ಲ. ಮ್ಯಾಕ್ಸ್‌ವೆಲ್ 1864ರಲ್ಲಿ ಕೊಟ್ಟ ಬಲರೇಖಾಚಿತ್ರವನ್ನು, ಬೋ 1873ರಲ್ಲಿ ಸೂಚಿಸಿದ ಅಕ್ಷರಗಳನ್ನು ಹಾಕಿ, ಡ್ರಾಯಿಂಗ್ ಶೀಟಿನ ಮೇಲೆ ಸೆಟ್ ಸ್ಕ್ವೇರ್ ಸರಿಸುತ್ತಾ ಎಳೆಯಬೇಕಿತ್ತು. ಕೊನೆಯ ಗೆರೆ ಮೊದಲ ಬಿಂದುವಿಗೆ ಕೂಡಿದರೆ ಮಾತ್ರ ಊಟ.

ಸೆಕ್ಷನ್ ವಿಧಾನ ಮಾತ್ರ ಇಷ್ಟವಾಯಿತು. ಟ್ರಸ್ಸನ್ನು ಒಂದು ಕಡೆ ಕೊಯ್ದಂತೆ ಊಹಿಸಿ ಒಂದು ತುಂಡಿನ ಸಮತೋಲ ನೋಡುವುದು; ಜರ್ಮನಿಯ ರಿಟರ್ ಹೆಸರಿನಲ್ಲಿರುವ ಉಪಾಯ ಅದು. ಮೇಲೊಂದು ಕೆಳಗೊಂದು ಸಮಾನಾಂತರ ಕಾರ್ಡು (ಉದ್ದಕ್ಕೂ ಹೋಗುವ ಅಡ್ಡ ಮೆಂಬರು), ಓರೆ ಮೆಂಬರುಗಳು ನಡುವಿನ ಕಡೆಗೆ ಇಳಿಯುವ ಪ್ರಾಟ್ ಟ್ರಸ್, 4 ಮೀಟರಿನ ನಾಲ್ಕು ಪ್ಯಾನೆಲ್ (ಅಂಕಣ), 3 ಮೀಟರ್ ಎತ್ತರ, ಕೆಳಗೆ ನಡುವಿನ ಜಾಯಿಂಟಿನಲ್ಲಿ ಅದೇ 12. ಎಡದಿಂದ ಎರಡನೆಯ ಪ್ಯಾನೆಲನ್ನು ಕೊಯ್ದರೆ ಮೂರು ಮೆಂಬರ್ ಸಿಗುತ್ತವೆ. ಕೆಳ ಕಾರ್ಡೂ ಓರೆ ಮೆಂಬರೂ ಕೂಡುವ ಆ ನಡು ಜಾಯಿಂಟಿನ ಸುತ್ತ ಮೊಮೆಂಟ್ (ಬಲ ಗುಣಿಸು ದೂರ, ಅಂದರೆ ತಿರುಗಿಸುವ ಪರಿಣಾಮ) ತೆಗೆದರೆ ಅವೆರಡೂ ಲೆಕ್ಕದಿಂದ ಹೊರಗೆ. 6 ಗುಣಿಸು 8, ಭಾಗಿಸು 3. ಮೇಲಿನ ಕಾರ್ಡಿನಲ್ಲಿ 16 ಕಂಪ್ರೆಶನ್. ಗೋಡೆಯಿಂದ ಒಂದೊಂದೇ ಜಾಯಿಂಟ್ ದಾಟಿ ಬರಬೇಕಾದ ಕಡೆಗೆ ಒಂದೇ ಸಾಲಿನಲ್ಲಿ ಬಂದಿಳಿದಿದ್ದೆವು.

ಕ್ವಿಬೆಕ್ ಸೇತುವೆಯ ಪಾಠ ಸಿಲಬಸ್ಸಿನಲ್ಲಿ ಇರಲಿಲ್ಲ. 1907ರ ಆಗಸ್ಟ್ 29ರಂದು ಕೆನಡಾದಲ್ಲಿ ಕಟ್ಟುತ್ತಿದ್ದಾಗಲೇ ಅದು ಬಿದ್ದು 75 ಕಾರ್ಮಿಕರು ಸತ್ತರು. ಸೇತುವೆಯ ಸ್ವಂತ ತೂಕವನ್ನು ಕಡಿಮೆ ಅಂದಾಜು ಮಾಡಿದ್ದರು. ಕಂಪ್ರೆಶನ್ನಿನಲ್ಲಿದ್ದ ಕೆಳ ಕಾರ್ಡುಗಳು ಬಾಗಿ ಹೋದವು. ಕ್ಯಾಂಟಿಲಿವರ್ (ಆಸರೆಯಿಂದ ಮುಂದಕ್ಕೆ ಚಾಚಿದ ರಚನೆ) ಆದ್ದರಿಂದ ಅಲ್ಲಿ ಒತ್ತಡ ಕೆಳಗೆ, ಎಳೆತ ಮೇಲೆ. ಇಷ್ಟು ಹೇಳಿ ಬೋರ್ಡಿಗೆ ಬೆನ್ನು ಹಾಕಿ, "ಹಗ್ಗ ನಡೆಯದ ಜಾಗದಲ್ಲೇ ಕಬ್ಬಿಣ ಉಳಿಸೋಕೆ ಹೋಗಬೇಡಿ" ಎಂದರು.

ಈಗ ನನ್ನ ಮೇಜಿನ ಮೇಲೂ ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ. ಹೊಸ ಹುಡುಗರು ತರುವ ಪ್ರಿಂಟೌಟಿನಲ್ಲಿ ಟ್ರಸ್ ಮೆಂಬರಿಗೆ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಪರಿಣಾಮ) ಕಂಡರೆ, ಜಾಯಿಂಟುಗಳಲ್ಲಿ ತಿರುಗಲು ಬಿಡುವ ಪಿನ್ ಹಾಕದೆ ಬಿಟ್ಟಿದ್ದಾರೇನೋ ಎಂದು ಮೊದಲು ನೋಡುತ್ತೇನೆ. ಮೊನ್ನೆ ಒಬ್ಬಳು ಫ್ಯಾಕ್ಟರಿ ಶೆಡ್ಡಿನ ಟ್ರಸ್ ತೋರಿಸಿ, "ಸಾರ್, ಈ ನಾಲ್ಕು ಮೆಂಬರಲ್ಲಿ ಫೋರ್ಸ್ ಸೊನ್ನೆ ಇದೆ, ತೆಗೆದುಬಿಡಲಾ?" ಎಂದಳು. ಗಾಳಿಯ ಭಾರದ ಲೆಕ್ಕ (ಲೋಡ್ ಕೇಸ್) ತೆರೆಸಿ ನೋಡಿದೆ. ಹಗುರ ಶೀಟಿನ ಮಾಡನ್ನು ಗಾಳಿ ಮೇಲಕ್ಕೆ ಹೀರುವಾಗ ಕೆಳಗಿನ ಕಾರ್ಡು ಟೆನ್ಶನ್ ಬಿಟ್ಟು ಕಂಪ್ರೆಶನ್ನಿಗೆ ತಿರುಗಿತ್ತು. ಸೊನ್ನೆಯ ಮೆಂಬರುಗಳಲ್ಲಿ ಎರಡು ಆ ಉದ್ದ ಕಾರ್ಡನ್ನು ನಡುವೆ ಬಾಗದಂತೆ ಹಿಡಿದಿದ್ದವು. "ಕೆಳಗಿನ ಕಾರ್ಡಿನ ಜಾಗದಲ್ಲಿ ಹಗ್ಗ ನಡೆಯುತ್ತೇನಮ್ಮಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಚಿತ್ರ ನೋಡಿ, "ಗಾಳಿ ಇಲ್ಲದಾಗ ನಡೆಯುತ್ತೆ ಸಾರ್" ಎಂದಳು.