ಹಂಪಿಯ ರಥ ಜಾರಿ ಬಿತ್ತು

ಇವತ್ತು ಫ್ರಿಜ್ ಮೇಲಿದ್ದ ಹಂಪಿ ಕಲ್ಲಿನ ರಥದ ಮ್ಯಾಗ್ನೆಟ್ ಕಿತ್ಕೊಂಡು ಗ್ಯಾರೇಜಿಗೆ ಹೋದೆ.

ಅಲ್ಲಿರೋದು ನಾನು ರಿಪೇರಿ ಮಾಡ್ತಿರೋ 1973ರ ಫೋಕ್ಸ್‌ವ್ಯಾಗನ್ ಕ್ಯಾಂಪರ್, ಅಂದ್ರೆ ಒಳಗೇ ಮಲಗಿ ಊರೂರು ಸುತ್ತೋ ವ್ಯಾನು. ಹುಟ್ಟಿದ್ದು ಹ್ಯಾನೋವರ್‌ನಲ್ಲಿ, ತುಕ್ಕು ಹಿಡಿದಿದ್ದು ಇಲ್ಲಿ, ಇಂಗ್ಲೆಂಡಿನ ಮಳೆಗೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪಿಗೆ. ಹೊರಗಿಂದ ಮಾತ್ರ ಮದುವೆಮನೆ ಬೀಗರ ಹಾಗೆ ಫಳಫಳ.

ಬಾಗಿಲಿಗೆ ಮ್ಯಾಗ್ನೆಟ್ ಟಕ್ ಅಂತ ಅಂಟ್ತು. ಹಿಂದಿನ ಚಕ್ರದ ಮೇಲೆ ಬಾಡಿ ಬಾಗಿರೋ ಕಮಾನಿಗೆ ಇಟ್ಟೆ. ಜಾರಿ ಬಿತ್ತು. ಒಂದು ಗೇಣು ಪಕ್ಕಕ್ಕೆ ಇಟ್ಟೆ. ಮತ್ತೆ ಬಿತ್ತು.

ಅಲ್ಲಿ ತಗಡೇ ಇಲ್ಲ ಮಾರಾಯ್ರೆ, ಬರೀ ತೂತು ಮೆತ್ತೋ ಪುಟ್ಟಿ!

ಉಳಿ ಇಟ್ಟು ತಟ್ಟಿದ್ರೆ ಬೆರಳು ದಪ್ಪದ ಹೆಕ್ಕಳಿಕೆ ಉದುರಿತು. ಹಿಂದೆ ಕಾಫಿಪುಡಿ ತರ ತುಕ್ಕು. ಅದರ ಹಿಂದೆ ನಮ್ಮ ಗ್ಯಾರೇಜಿನ ನೆಲ.

ಯಾರೋ ಪುಣ್ಯಾತ್ಮ ತೂತು ಮುಚ್ಚಿ, ಉಜ್ಜಿ, ಬಣ್ಣ ಹೊಡೆದು ಮಾರಿದ್ದಾನೆ. ಬೈಯೋಣ ಅಂದ್ಕೊಂಡೆ. ಆದ್ರೆ ಆ ಕಮಾನಿನ ತಿರುವನ್ನ ಎಷ್ಟು ನಯವಾಗಿ ತಂದಿದ್ದಾನೆ! ದುಡ್ಡಿರಲಿಲ್ವೋ, ವೆಲ್ಡಿಂಗ್ ಬರ್ತಿರಲಿಲ್ವೋ. ನಂಗೂ ಬರಲ್ಲ. ಸುಮಾರು 1 ಮಿಲಿಮೀಟರ್ ತಗಡು, ಒಂದೊಂದೇ ಚುಕ್ಕಿ ಇಟ್ಟು ಆರೋಕೆ ಬಿಡಬೇಕು. ಅವಸರ ಮಾಡಿದ್ರೆ ಸೊಟ್ಟ ಆಗತ್ತೆ, ಇಲ್ಲ ತೂತು ಬೀಳತ್ತೆ. ಸದ್ಯಕ್ಕೆ ನಂದು ಎರಡೂ ಆಗ್ತಿದೆ.

ರಥ ವಾಪಸ್ ಫ್ರಿಜ್ ಮೇಲಿದೆ. ಒಂದು ಚಕ್ರ ಮುರಿದಿದೆ. ಮನೆಯವಳಿಗೆ ಇನ್ನೂ ಹೇಳಿಲ್ಲ.