ಆ ಊರು ನಿಜಕ್ಕೂ ಅಷ್ಟು ಕೆಟ್ಟದಾ?

ನನಗೆ ಹಳೆಯ ಪ್ರವಾಸ ಕಥನ ಓದುವ ಚಟ. ಅದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹೋಗಿ ಬಂದವರು ಆ ಊರು ಕೊಳಕು, ಜನ ಸೋಮಾರಿಗಳು ಅಂತ ಬರೆದಿದ್ದಾರೆ. ಅಲ್ಲಿಯವರನ್ನು ಕೇಳಿದರೆ ಇಂಥ ಊರು ಇನ್ನೊಂದಿಲ್ಲ ಅಂತಾರೆ. ಯಾರನ್ನು ನಂಬೋದು?"

ಬಂದವರು ಕಣ್ಣಾರೆ ಕಂಡೆವು ಅನ್ನುವುದನ್ನು ನಂಬಿ. ಅದು ಯಾಕೆ ಹಾಗಿದೆ ಅಂತ ಅವರು ಹೇಳುವ ಕಾರಣವನ್ನು ಮಾತ್ರ ಅಷ್ಟು ಸುಲಭಕ್ಕೆ ನಂಬಬೇಡಿ. ಇಷ್ಟೇ ನನ್ನ ಉತ್ತರ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ನೇಪಲ್ಸ್‌ನದು.

18ನೇ ಶತಮಾನದಲ್ಲಿ ಇಟಲಿಗೆ ಹೊರಟ ಜರ್ಮನ್ನರಿಗೆ ಫೋಲ್ಕ್‌ಮನ್ ಎಂಬವನ ಮಾರ್ಗದರ್ಶಿ ಪುಸ್ತಕ ಇತ್ತು. ನೇಪಲ್ಸ್‌ನಲ್ಲಿ 30ರಿಂದ 40 ಸಾವಿರ ಸೋಮಾರಿಗಳಿದ್ದಾರೆ ಅಂತ ಅವನು ಬರೆದುಬಿಟ್ಟಿದ್ದ. 1787ರಲ್ಲಿ ಅಲ್ಲಿಗೆ ಹೋದ ಕವಿ ಗಯಟೆಯೂ ಅದನ್ನು ಓದಿದ್ದ. ಅವನಿಗೆ ಅನುಮಾನ ಬಂತು. ಸರಿ, ಆ ಸೋಮಾರಿಗಳು ಎಲ್ಲಿದ್ದಾರೋ ನೋಡೇಬಿಡೋಣ ಅಂತ ಬೆಳಗ್ಗೆಯೂ ಸುತ್ತಿದ, ಬೇರೆ ಹೊತ್ತಿನಲ್ಲೂ ಸುತ್ತಿದ. ಸುಮ್ನೆ ನಿಂತವರು, ಕೂತವರು ಬೇಕಾದಷ್ಟು ಜನ ಸಿಕ್ಕರು. ಅವರ ಬಟ್ಟೆ ನೋಡಿದ, ನಿಂತ ಜಾಗ ನೋಡಿದ, ಕಸುಬೇನು ಅಂತ ಗಮನಿಸಿದ.

ಚೌಕದಲ್ಲಿ ನಿಂತವನು ಹಮಾಲಿ, ಯಾರಾದರೂ ಹೊರೆ ಹೊರಲು ಕರೆಯಲಿ ಅಂತ ಕಾಯುತ್ತಿದ್ದ. ಪಕ್ಕದವನು ಗಾಡಿಯವನು, ಬಾಡಿಗೆ ಬರುವ ತನಕ ಕುದುರೆ ನೋಡಿಕೊಳ್ಳುತ್ತಿದ್ದ. ಬಿಸಿಲಿಗೆ ಮೈ ಚಾಚಿ ಮಲಗಿದವನು ಮೀನುಗಾರ, ಅವತ್ತು ಗಾಳಿ ಅವನಿಗೆ ಅನುಕೂಲವಾಗಿರಲಿಲ್ಲ. ಚಿಕ್ಕ ಮಕ್ಕಳು ಕೂಡ ಖಾಲಿ ಇರಲಿಲ್ಲ. ಕೆಲವರು ಸಾಂಟಾ ಲೂಚಿಯಾದಿಂದ ಪೇಟೆಗೆ ಮೀನು ಹೊರುತ್ತಿದ್ದರು. ಕೆಲವರು ಬಡಗಿ ಕೆಲಸ ನಡೆಯುವ ಕಡೆ ಚೆಕ್ಕೆ ಆಯುತ್ತಿದ್ದರು, ಸಮುದ್ರ ತಂದು ಹಾಕಿದ ಪುಳ್ಳೆ ಆಯುತ್ತಿದ್ದರು. ಬುಟ್ಟಿ ತುಂಬಿದ ಮೇಲೆ ಊರೊಳಗೆ ಬಂದು ಅದನ್ನೇ ಸಣ್ಣ ಸಣ್ಣ ಗುಡ್ಡೆ ಮಾಡಿ ಮಾರುತ್ತಿದ್ದರು. ಅಡುಗೆ ಒಲೆಗೆ ಅಂತ ಬಡ ಕುಟುಂಬದವರು ಕೊಳ್ಳುತ್ತಿದ್ದರು. ಇನ್ನು ಕೆಲವು ಹುಡುಗರು ಕತ್ತೆಯ ಮೇಲೆ ಎರಡು ಬುಟ್ಟಿ ಹೇರಿಕೊಂಡು ಬಂದು, ಬೀದಿಯಲ್ಲಿ ಬಿದ್ದ ಎಲೆಕೋಸಿನ ಎಲೆ, ಬೆಳ್ಳುಳ್ಳಿ ದಂಟು, ಕುದುರೆ ಲದ್ದಿ ಎಲ್ಲ ಬಾಚಿ ತೋಟಗಳಿಗೆ ಗೊಬ್ಬರವಾಗಿ ಒಯ್ಯುತ್ತಿದ್ದರು.

ಅಂದರೆ ಫೋಲ್ಕ್‌ಮನ್ ಸುಳ್ಳು ಹೇಳಿರಲಿಲ್ಲ. ಸುಮ್ಮನೆ ನಿಂತ ಜನ ಅಲ್ಲಿ ಇದ್ದೇ ಇದ್ದರು. ಯಾಕೆ ನಿಂತಿದ್ದಾರೆ ಅಂತ ನೋಡುವ ತಾಳ್ಮೆ ಇರಲಿಲ್ಲ, ಅಷ್ಟೇ. ಈ ಅವಸರದ ಮೂಲವನ್ನೂ ಗಯಟೆ ಹುಡುಕಿದ. ಚಳಿ ದೇಶದವನಿಗೆ ಬೇಸಿಗೆಯಲ್ಲೇ ಸೌದೆ, ಕಾಳುಕಡಿ ಕೂಡಿಡುವ ಚಿಂತೆ. ಅಂದಂದಿನ ದುಡಿಮೆಯಲ್ಲಿ ಅಂದಂದಿನ ಊಟ ಮಾಡುವವನನ್ನು ಕಂಡರೆ ಅವನಿಗೆ ಅದು ಸೋಮಾರಿತನದ ಹಾಗೇ ಕಾಣುತ್ತದೆ. (ಆ ಮಕ್ಕಳು ಆಡುವ ವಯಸ್ಸಿನಲ್ಲಿ ಚೆಕ್ಕೆ ಆಯುತ್ತಿದ್ದರಲ್ಲ ಎಂಬ ಸಂಕಟ ಗಯಟೆಯ ಮಾತಿನಲ್ಲಿ ನನಗೆ ಕಾಣಲಿಲ್ಲ. ಅವನಿಗೂ ಒಂದು ಕುರುಡು ಮೂಲೆ ಇತ್ತು.)

ಇಲ್ಲಿ ಗಯಟೆಯೂ ಹೊರಗಿನವನೇ, ಆ ಊರಲ್ಲಿ ಕೆಲವು ವಾರ ಇದ್ದು ಹೋದವನು. ಹಾಗಾಗಿ "ಅಲ್ಲೇ ಹುಟ್ಟಿ ಬೆಳೆದವರು ಮಾತ್ರ ಬರೆಯಬೇಕು" ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಬರೆದವರು ಯಾವ ಹೊತ್ತಿನಲ್ಲಿ, ಯಾರ ಜೊತೆ ಊರು ಸುತ್ತಿದರು ಅಂತ ನೋಡಿದರೆ ಅರ್ಧ ಗುಟ್ಟು ಬಯಲಾಗುತ್ತದೆ. ರುಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಕಲ್ಕತ್ತದ ಬಗ್ಗೆ ಲೇಖನಮಾಲೆ ಬರೆದ. ಆಗ ಅವನಿಗೆ 22 ವರ್ಷ, ಅಲಹಾಬಾದಿನ 'ಪಯೋನಿಯರ್' ಪತ್ರಿಕೆಯ ಕೆಲಸ. ಊರಿನ ನಾತದ ಬಗ್ಗೆ ತುಂಬ ಬರೆದ. ರಾತ್ರಿ ಪೊಲೀಸರ ಜೊತೆ ಗಲ್ಲಿ ಗಲ್ಲಿ ಸುತ್ತಿದ. ಪೊಲೀಸರ ಜೊತೆ ರಾತ್ರಿ ಸುತ್ತಿದವನಿಗೆ ಯಾವ ಊರು ತಾನೇ ಚೆಂದ ಕಾಣುತ್ತದೆ ಹೇಳಿ? ಅದೇ ಕಾಲದಲ್ಲಿ ಅದೇ ಊರಿನಲ್ಲಿ ಬಂಕಿಮಚಂದ್ರರು ಇದ್ದರು. ಠಾಕೂರ್ ಮನೆತನದ ಸ್ವರ್ಣಕುಮಾರಿ ದೇವಿ 'ಭಾರತಿ' ಎಂಬ ಮಾಸಪತ್ರಿಕೆ ನಡೆಸುತ್ತಿದ್ದರು. ಪೊಲೀಸರ ಗಸ್ತಿನಲ್ಲಿ ಇಂಥವರು ಸಿಗುವುದಿಲ್ಲ.

ಆ ಲೇಖನಗಳಿಗೆ ಅವನಿಟ್ಟ ಹೆಸರಿನ ಕಥೆ ಇನ್ನೂ ಮಜವಾಗಿದೆ. 'ಭಯಾನಕ ರಾತ್ರಿಯ ನಗರ' ಅನ್ನುವ ಅರ್ಥದ ಇಂಗ್ಲಿಷ್ ಹೆಸರು ಅದು. ಮೂರು ವರ್ಷ ಮೊದಲು, 1885ರಲ್ಲಿ, ಲಾಹೋರಿನ ಸೆಕೆಯ ರಾತ್ರಿಯ ಬಗ್ಗೆ ಬರೆದ ಬರಹಕ್ಕೂ ಅವನು ಇದೇ ಹೆಸರು ಇಟ್ಟಿದ್ದ. ಅದೂ ಅವನ ಸ್ವಂತದ್ದಲ್ಲ. ಜೇಮ್ಸ್ ಥಾಮ್ಸನ್ ಎಂಬ ಕವಿಯ 1874ರ ಪದ್ಯದಿಂದ ಎತ್ತಿಕೊಂಡದ್ದು. ಆ ಪದ್ಯದ ಹಿಂದಿದ್ದ ಊರು ಲಂಡನ್! ಲಂಡನ್ನಿಗೆ ಹೊಲಿಸಿದ ಅಂಗಿಯನ್ನು ಲಾಹೋರಿಗೆ ತೊಡಿಸಿ, ಆಮೇಲೆ ಕಲ್ಕತ್ತಕ್ಕೂ ತೊಡಿಸಿದ ಹಾಗಾಯಿತು. ಪ್ರವಾಸಿಗರ ಬೈಗುಳ ಎಷ್ಟೋ ಸಲ ಹೀಗೇ. ರೈಲು ಹತ್ತುವ ಮೊದಲೇ ತಯಾರಾಗಿರುತ್ತದೆ.

ಹೊಗಳಿಕೆಯೂ ಊರಿನ ಅಳತೆ ತಪ್ಪಿಸಬಹುದು. ಡೊಮಿನಿಕ್ ಲಾಪಿಯೇರ್ 1985ರಲ್ಲಿ ಬರೆದ 'ಸಿಟಿ ಆಫ್ ಜಾಯ್' ಲೋಕದ ಕಣ್ಣಿಗೆ ಕಲ್ಕತ್ತದ ಪುಸ್ತಕ. ಅದಕ್ಕೆ ಆಧಾರವಾದ ಪಿಲ್ಖಾನಾ ಕೊಳೆಗೇರಿ ಇರುವುದು ಹೂಗ್ಲಿ ನದಿಯ ಆಚೆ ದಡದ ಹೌರಾದಲ್ಲಿ. ಆ ಪುಸ್ತಕದಲ್ಲಿ ಬಡವರ ಮೇಲೆ ಪ್ರೀತಿ ಧಾರಾಳವಾಗಿದೆ. ಆದರೆ ಅದೊಂದನ್ನೇ ಓದಿದವರಿಗೆ ಇಡೀ ಮಹಾನಗರ ಒಂದು ಕೊಳೆಗೇರಿಯಷ್ಟಕ್ಕೆ ಇಳಿದುಬಿಡುತ್ತದೆ.

ಕ್ಯಾಮೆರಾ ಬಂದ ಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ಅಮೆರಿಕದ ಡೆಟ್ರಾಯಿಟ್‌ಗೆ ಹೋದವರೆಲ್ಲ 1988ರಲ್ಲಿ ರೈಲು ನಿಂತುಹೋದ ಮಿಶಿಗನ್ ಸೆಂಟ್ರಲ್ ನಿಲ್ದಾಣದ ಒಡೆದ ಕಿಟಕಿಗಳ ಫೋಟೋ ತೆಗೆದು, ಸತ್ತ ಊರು ಅಂತ ಹಾಕುತ್ತಿದ್ದರು. ಆ ಸತ್ತ ಊರಿನಲ್ಲಿ 2010ರ ಜನಗಣತಿಯಂತೆ 7 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ಒಬ್ಬರೂ ಆ ಫೋಟೋಗಳಲ್ಲಿ ಇರುತ್ತಿರಲಿಲ್ಲ. ಫೋರ್ಡ್ ಕಂಪನಿ ಕೊಂಡು ರಿಪೇರಿ ಮಾಡಿಸಿ, 2024ರಲ್ಲಿ ಆ ಕಟ್ಟಡದ ಬಾಗಿಲು ಮತ್ತೆ ತೆರೆಯಿತು.

ಹಾಗಂತ ಊರಿನವರ ಮಾತೇ ವೇದವಾಕ್ಯವಾ? ಖಂಡಿತ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ದಿನಾ ಮೂಗಿಗೆ ಬಡಿಯುವ ಚರಂಡಿ ವಾಸನೆ ಕೆಲವು ವರ್ಷದಲ್ಲಿ ವಾಸನೆಯೇ ಅಲ್ಲ ಅನ್ನಿಸಿಬಿಡುತ್ತದೆ. ಅದನ್ನು ಹೇಳಲು ಹೊರಗಿನ ಮೂಗೇ ಬೇಕು.

ಫ್ರಾನ್ಸೆಸ್ ಟ್ರೊಲೊಪ್ ಎಂಬ ಇಂಗ್ಲಿಷ್ ಹೆಂಗಸಿಗೆ ಅಂಥ ಮೂಗಿತ್ತು. ಕೈಯಲ್ಲಿ ಕಾಸಿಲ್ಲದೆ 1828ರಲ್ಲಿ ಮಕ್ಕಳೊಂದಿಗೆ ಅಮೆರಿಕದ ಸಿನ್ಸಿನಾಟಿಗೆ ಬಂದಳು. ದೊಡ್ಡ ಬಜಾರ್ ಕಟ್ಟಿಸಿದಳು, ಕೈ ಸುಟ್ಟುಕೊಂಡಳು. ವಾಪಸ್ ಹೋಗಿ 1832ರಲ್ಲಿ ಅಮೆರಿಕನ್ನರ ನಡೆನುಡಿಯ ಮೇಲೆ ಒಂದು ಪುಸ್ತಕ ಬರೆದಳು. ಅದು ಭರ್ಜರಿಯಾಗಿ ಮಾರಾಟವಾಯಿತು. ಅಮೆರಿಕನ್ನರು ಕೆಂಡಾಮಂಡಲವಾದರು. ದುಡ್ಡು ಕಳೆದುಕೊಂಡ ಊರಿನ ಬಗ್ಗೆ ಯಾರು ಸಿಹಿಯಾಗಿ ಬರೆಯುತ್ತಾರೆ? ಆ ಸಿಟ್ಟನ್ನು ಲೆಕ್ಕಕ್ಕೆ ಹಿಡಿದೇ ಅವಳನ್ನು ಓದಬೇಕು. ಆದರೆ ಬೀದಿ ತುಂಬ ಹಂದಿಗಳು ಅಂತ ಬರೆದದ್ದು ಅಪ್ಪಟ ನಿಜ. ಮನೆ ಕಸವನ್ನು ಬೀದಿ ನಡುವೆ ಎಸೆದರೆ ಸಾಕು, ಹಂದಿಗಳೇ ಮುಗಿಸುತ್ತವೆ ಅಂತ ಅವಳಿಗೆ ಹೇಳಿದ್ದರು. ಅವು ಇಲ್ಲದಿದ್ದರೆ ಬೀದಿಗಳು ಕಸದಿಂದ ಕಟ್ಟಿಹೋಗುತ್ತಿದ್ದವು ಅಂತ ಅವಳೂ ಒಪ್ಪಿದ್ದಾಳೆ. ಹಂದಿ ಮಾಂಸದ ವ್ಯಾಪಾರವೇ ಆ ಊರಿನ ಹೊಟ್ಟೆ ತುಂಬಿಸುತ್ತಿತ್ತು. ಅವಳು ಬರೆದದ್ದು ಸುಳ್ಳಲ್ಲ ಅಂತ ಮುಂದೆ ಮಾರ್ಕ್ ಟ್ವೇನ್‌ನೇ ಅವಳ ಪರ ನಿಂತ.

1988ರಲ್ಲಿ ಸಿನ್ಸಿನಾಟಿ ತನ್ನ 200ನೇ ವರ್ಷ ಆಚರಿಸಿತು. ಆ ನೆನಪಿಗೆ ಒಹಾಯೊ ನದಿಯ ದಂಡೆಯಲ್ಲಿ ಮಾಡಿದ ಪಾರ್ಕಿನ ಬಾಗಿಲಲ್ಲಿ ರೆಕ್ಕೆ ಬಿಚ್ಚಿದ ಕಂಚಿನ ಹಂದಿಗಳನ್ನು ನಿಲ್ಲಿಸಿದರು. ಮೊದಮೊದಲು ಕೆಲವರು ಮುಖ ಸಿಂಡರಿಸಿದರು. 1999ರಿಂದ ಆ ಊರಿನ ಮ್ಯಾರಥಾನ್ ಓಟದ ಹೆಸರೇ 'ಫ್ಲೈಯಿಂಗ್ ಪಿಗ್'.